ಚಳಿ ಬಿಡಲಿ, ಆಮೇಲೆ ಕುಡಿಯೋಣ

ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಟ್ಟು ಅರ್ಧ ಗಂಟೆ ಆಗಿತ್ತು. ಗೆಳೆಯ ಎರಡು ಸಲ ಅದನ್ನು ಮುಟ್ಟಿ ನೋಡಿದ. ಮೂರನೇ ಸಲ ತಡೆಯಲಾರದೆ ಕೇಳಿಯೇಬಿಟ್ಟ.

"ಏನೋ ಇದು, ಒಳ್ಳೇ ಬಿಯರನ್ನ ಬಿಸಿ ಮಾಡಿ ಕುಡಿಸ್ತೀಯಾ?"

"ಬಿಸಿ ಅಲ್ಲ ಕಣೋ. ಚಳಿ ಬಿಡಿಸ್ತಿದೀನಿ, ಅಷ್ಟೆ."

ಅವನು ನಂಬಲಿಲ್ಲ. ಬಿಯರ್ ಅಂದರೆ ಬಾಟಲಿಯ ಮೈಮೇಲೆ ಹನಿ ಕೂರುವಷ್ಟು ತಣ್ಣಗಿರಬೇಕು ಅನ್ನುವುದು ಅವನ ಲೆಕ್ಕ. ಹತ್ತು ವರ್ಷದ ಹಿಂದೆ ನನ್ನದೂ ಅದೇ ಲೆಕ್ಕ. ಬಿಸಿಲಲ್ಲಿ ಓಡಾಡಿ ಬಂದವರ ಕೈಗೆ ಐದು ಪರ್ಸೆಂಟ್ ಆಲ್ಕೋಹಾಲಿನ ಲಾಗರ್ ಅನ್ನುವ ಹಗುರ ಬಿಯರ್ ಕೊಡುವಾಗ ಆ ಲೆಕ್ಕ ಸರಿಯಾಗಿಯೇ ಇದೆ. ಆದರೆ ಆವತ್ತು ಮೇಜಿನ ಮೇಲಿದ್ದದ್ದು ಹನ್ನೆರಡು ಪರ್ಸೆಂಟಿನ ಇಂಪೀರಿಯಲ್ ಸ್ಟೌಟ್ ಅನ್ನುವ ಬಿಯರ್. ಕಪ್ಪಗೆ, ಮಂದವಾಗಿ, ಸುರಿದರೆ ಹಳೇ ಎಂಜಿನ್ ಆಯಿಲ್ ನೆನಪಾಗುವಂಥದ್ದು. ಅದನ್ನು ನಾಲ್ಕು ಡಿಗ್ರಿಯಲ್ಲಿ ಕುಡಿದರೆ ಸಿಗೋದು ಇಷ್ಟೇ: ತಣ್ಣನೆಯ ಒಂದು ಕಹಿ, ಆಮೇಲೆ ಎದೆಯಲ್ಲಿ ಒಂದು ಉರಿ. ನಡುವೆ ಇರಬೇಕಾದದ್ದೆಲ್ಲ ಫ್ರಿಜ್ಜಿನ ಪಾಲು.

ಇದನ್ನು ನಾನು ಕಲಿತದ್ದು ಒಂದು ಬಾಟಲಿ ಹಾಳು ಮಾಡಿ. ಮೊದಲ ಸಲ ಕೈಗೆ ಸಿಕ್ಕ ನಿಜವಾದ ಸ್ಟ್ರಾಂಗ್ ಬಿಯರ್ ಬೆಲ್ಜಿಯಂನ ರೋಶ್‌ಫೋರ್ 10. ಸನ್ಯಾಸಿಗಳ ಮಠದಲ್ಲಿ ಮಾಡುವ ಟ್ರಾಪಿಸ್ಟ್ ಬಿಯರ್. ಹೆಸರಿನಲ್ಲಿರುವ 10 ಆಲ್ಕೋಹಾಲಿನ ಲೆಕ್ಕ ಅಂದುಕೊಂಡಿದ್ದೆ. ಅಲ್ಲ, ಅದು ಹುದುಗುವ ಮೊದಲು ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರಸ ಎಷ್ಟು ಗಟ್ಟಿಯಿತ್ತು ಅಂತ ಹೇಳುವ ಹಳೇ ಬೆಲ್ಜಿಯಂ ಅಳತೆ. ಆಲ್ಕೋಹಾಲ್ ಅದಕ್ಕಿಂತ ಜಾಸ್ತಿ, 11.3 ಪರ್ಸೆಂಟ್. ಅದನ್ನು ಫ್ರಿಜ್ಜಿನ ಹಿಂಬದಿಯಿಂದ ತೆಗೆದು, ಎತ್ತರದ ಗ್ಲಾಸಿಗೆ ಒಂದೇ ಸಲ ಸುರಿದು, ಟೀವಿಯಲ್ಲಿ ಮ್ಯಾಚ್ ನೋಡುತ್ತಾ ಹದಿನೈದು ನಿಮಿಷದಲ್ಲಿ ಮುಗಿಸಿದೆ. ಮ್ಯಾಚಿನ ಸ್ಕೋರ್ ಈಗಲೂ ನೆನಪಿದೆ. ಬಿಯರ್ ರುಚಿ ಹೇಗಿತ್ತು ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಎದ್ದು ನಿಂತಾಗ ನೆಲ ಸ್ವಲ್ಪ ಆ ಕಡೆ ಇತ್ತು, ಅದೊಂದು ನೆನಪಿದೆ.

ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. 330 ಮಿಲಿ ಬಾಟಲಿಯಲ್ಲಿ 11.3 ಪರ್ಸೆಂಟ್ ಅಂದರೆ 37 ಮಿಲಿಗೂ ಸ್ವಲ್ಪ ಜಾಸ್ತಿ ಶುದ್ಧ ಆಲ್ಕೋಹಾಲ್. ಅಷ್ಟೇ ಅಳತೆಯ ಐದು ಪರ್ಸೆಂಟಿನ ಬಿಯರಿನಲ್ಲಿ ಇರೋದು ಹದಿನಾರೂವರೆ ಮಿಲಿ. ಅಂದರೆ ನಾನು ಹದಿನೈದು ನಿಮಿಷದಲ್ಲಿ ಎರಡೂಕಾಲು ಬಿಯರ್ ಇಳಿಸಿದ್ದೆ. ಬಾಟಲಿ ಮಾತ್ರ ಒಂದೇ, ಹಾಗಾಗಿ ಮನಸ್ಸು ಕೂಡ ಒಂದೇ ಅಂತ ಬರೆದುಕೊಂಡಿತ್ತು. ಸ್ಟ್ರಾಂಗ್ ಬಿಯರಿನ ಮೋಸ ಇಲ್ಲೇ ಇರೋದು. ವಿಸ್ಕಿಯನ್ನು ಯಾರೂ ದೊಡ್ಡ ಗ್ಲಾಸಿನ ತುಂಬ ಸುರಿದುಕೊಳ್ಳುವುದಿಲ್ಲ, ವೈನನ್ನು ಗಟಗಟ ಕುಡಿಯುವುದಿಲ್ಲ. ಬಿಯರ್ ಅನ್ನುವ ಹೆಸರು ಕೇಳಿದ ತಕ್ಷಣ ಕೈ ಹಳೇ ಅಭ್ಯಾಸಕ್ಕೆ ಹೋಗುತ್ತದೆ.

ಹಾಗಾಗಿ ಈಗ ನನ್ನ ಮನೆಯಲ್ಲಿ ಹತ್ತು ಪರ್ಸೆಂಟ್ ದಾಟಿದ ಬಾಟಲಿ ಒಬ್ಬನೇ ಇದ್ದಾಗ ತೆರೆಯುವುದಿಲ್ಲ. ಇಬ್ಬರು, ಸಾಧ್ಯವಾದರೆ ಮೂವರು. ಮೂವರಾದರೆ ತಲಾ 110 ಮಿಲಿ. "ಇಷ್ಟೇನಾ?" ಅಂತ ಎಲ್ಲರೂ ಕೇಳುತ್ತಾರೆ. ಒಂದು ಗಂಟೆ ಆದ ಮೇಲೆ ಎಲ್ಲರ ಗ್ಲಾಸಿನಲ್ಲೂ ಇನ್ನೂ ಎರಡು ಗುಟುಕು ಉಳಿದಿರುತ್ತದೆ.

ಇಷ್ಟೊಂದು ಆಲ್ಕೋಹಾಲ್ ಬಿಯರಿಗೆ ಎಲ್ಲಿಂದ ಬರುತ್ತದೆ ಅಂತ ಮೊದಲು ನನಗೆ ಗೊತ್ತಿರಲಿಲ್ಲ. ಸ್ಪಿರಿಟ್ ಬೆರೆಸುತ್ತಾರೆ ಅಂದುಕೊಂಡಿದ್ದೆ. ವಿಷಯ ಅದಕ್ಕಿಂತ ಸರಳ, ಕೆಲಸ ಮಾತ್ರ ಕಷ್ಟ. ಯೀಸ್ಟು ಸಕ್ಕರೆ ತಿಂದು ಆಲ್ಕೋಹಾಲ್ ಬಿಡುತ್ತದೆ. ಜಾಸ್ತಿ ಆಲ್ಕೋಹಾಲ್ ಬೇಕಾದರೆ ಜಾಸ್ತಿ ಸಕ್ಕರೆ ಬೇಕು, ಅಂದರೆ ಜಾಸ್ತಿ ಮಾಲ್ಟ್. ಬಿಯರ್ ಮಾಡುವವರು ರಸದ ಗಟ್ಟಿತನವನ್ನು ನೀರಿಗೆ ಹೋಲಿಸಿ ಅಳೆಯುತ್ತಾರೆ. ನೀರು 1.000 ಆದರೆ ಸಾಧಾರಣ ಬಿಯರಿನ ರಸ 1.045ರಿಂದ 1.050. ದೊಡ್ಡ ಸ್ಟೌಟುಗಳು 1.100ರ ಆಸುಪಾಸಿನಲ್ಲಿ ಶುರುವಾಗುತ್ತವೆ. ಹುದುಗಿ ಮುಗಿದಾಗ 1.025ಕ್ಕೆ ಇಳಿದಿತ್ತು ಅಂದುಕೊಳ್ಳಿ, ಎರಡರ ನಡುವಿನ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಬರುತ್ತದೆ, ಹತ್ತಿರ ಹತ್ತಿರ 9.8 ಪರ್ಸೆಂಟ್. ಮನೆಯಲ್ಲಿ ಬಿಯರ್ ಮಾಡುವವರ ಬಾಯಲ್ಲಿ ಈ ಲೆಕ್ಕ ಮಗ್ಗಿಯ ಹಾಗೆ ಇರುತ್ತದೆ.

ಉಳಿದ ಆ 1.025 ಇದೆಯಲ್ಲ, ಅದು ಯೀಸ್ಟು ತಿನ್ನಲಾರದೆ ಬಿಟ್ಟ ಸಕ್ಕರೆ. ಬಾಯಲ್ಲಿ ಸಿಗುವ ದಪ್ಪ, ತುಟಿಗೆ ಅಂಟುವ ಅಂಟು, ಎಲ್ಲ ಅದರದ್ದೇ.

ಈ ಕತೆಯಲ್ಲಿ ನನಗೆ ಪಾಪ ಅನ್ನಿಸೋದು ಯೀಸ್ಟಿನ ಪಾಡು. ಮೊದಲು ಅಷ್ಟು ಗಟ್ಟಿ ಸಿಹಿಯಲ್ಲಿ ಮುಳುಗಿಸುತ್ತಾರೆ. ಅದನ್ನು ತಾಳಿಕೊಂಡು ತಿನ್ನಲು ಶುರು ಮಾಡಿದರೆ, ತಾನೇ ಬಿಟ್ಟ ಆಲ್ಕೋಹಾಲ್ ಸುತ್ತ ಏರುತ್ತಾ ಹೋಗಿ ತನಗೇ ವಿಷವಾಗುತ್ತದೆ. ಸಾಕಷ್ಟು ಯೀಸ್ಟ್ ಹಾಕದೆ, ಸರಿಯಾಗಿ ಆಮ್ಲಜನಕ ಕೊಡದೆ, ಬೇಗ ಮುಗಿಯಲಿ ಅಂತ ಬಿಸಿಯಲ್ಲಿ ಓಡಿಸಿದರೆ ಅದು ಬೇರೆ ಜಾತಿಯ ಆಲ್ಕೋಹಾಲುಗಳನ್ನೂ ಜಾಸ್ತಿ ಬಿಡುತ್ತದೆ. ಫ್ಯೂಸೆಲ್ ಅಂತಾರೆ. ಅದರ ಗುರುತು ಸುಲಭ: ಗ್ಲಾಸಿಗೆ ಮೂಗು ಹಿಡಿದರೆ ಥಿನ್ನರ್ ವಾಸನೆ, ನುಂಗಿದರೆ ಗಂಟಲಿನಲ್ಲಿ ಕೆರೆತ. ಬಿಯರ್ ತಣ್ಣಗಿರುವಾಗ ಇದು ಅಡಗಿ ಕೂತಿರುತ್ತದೆ. ಹದಿಮೂರು ಹದಿನಾಲ್ಕು ಡಿಗ್ರಿಗೆ ಬಂದಾಗ ಈಚೆ ಬರುತ್ತದೆ. ನಾನು ಬಾಟಲಿಯ ಚಳಿ ಬಿಡಿಸುವುದಕ್ಕೆ ಇದೂ ಒಂದು ಕಾರಣ. ಚೆನ್ನಾಗಿ ಮಾಡಿದ ಬಿಯರ್ ಬೆಚ್ಚಗಾದಷ್ಟೂ ತೆರೆದುಕೊಳ್ಳುತ್ತದೆ, ಅವಸರದಲ್ಲಿ ಮಾಡಿದ್ದು ಬೆಚ್ಚಗಾದಷ್ಟೂ ಸಿಕ್ಕಿಬೀಳುತ್ತದೆ.

ಯೀಸ್ಟನ್ನು ಬಿಟ್ಟು ಅಡ್ಡದಾರಿ ಹಿಡಿದವರೂ ಇದ್ದಾರೆ. ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಶುದ್ಧ ಆಲ್ಕೋಹಾಲಿಗೆ ಮೈನಸ್ 114 ಬೇಕು. ಹಾಗಾಗಿ ಬಿಯರನ್ನು ಹೆಪ್ಪುಗಟ್ಟಿಸಿ ಮಂಜನ್ನು ತೆಗೆದುಹಾಕಿದರೆ ಉಳಿಯೋದು ಇನ್ನೂ ಖಡಕ್ಕಾದ ಬಿಯರ್. ಜರ್ಮನಿಯ ಐಸ್‌ಬಾಕ್ ಬಿಯರ್ ಹೀಗೇ ಹುಟ್ಟಿದ್ದು. ಆದರೆ 2009, 2010ರ ಹೊತ್ತಿಗೆ ಇದು ಪಂದ್ಯವಾಗಿಬಿಟ್ಟಿತು. ಸ್ಕಾಟ್ಲೆಂಡಿನ ಬ್ರೂಡಾಗ್ ಕಂಪನಿ 32 ಪರ್ಸೆಂಟ್ ಅಂದರೆ ಜರ್ಮನಿಯ ಶೋರ್ಶ್‌ಬ್ರೌ ಅದನ್ನು ದಾಟುವುದು, ಇವರು 41 ಅಂದರೆ ಅವರು ಇನ್ನೂ ಮೇಲೆ. ಕೊನೆಗೆ ಬ್ರೂಡಾಗ್ 55 ಪರ್ಸೆಂಟಿನದ್ದನ್ನು ಮಾಡಿ, ಸತ್ತ ಮೇಲೆ ಗೊಂಬೆಯ ಹಾಗೆ ಕೆಡದಂತೆ ಮಾಡಿಟ್ಟ ಅಳಿಲಿನಂಥ ಪ್ರಾಣಿಗಳ ಮೈಯೊಳಗೆ ಬಾಟಲಿ ಇಟ್ಟು ಮಾರಿತು. ಅಳಿಲಿನ ಬಗ್ಗೆ ಬೇಕಾದಷ್ಟು ಮಾತಾಯಿತು. ಬಿಯರ್ ರುಚಿಯ ಬಗ್ಗೆ ಯಾರಾದರೂ ಮನಸ್ಸಿಟ್ಟು ಮಾತಾಡಿದ್ದು ನನ್ನ ಕಣ್ಣಿಗಂತೂ ಬೀಳಲಿಲ್ಲ. ಅಮೆರಿಕದ ಸಾಮ್ಯುಯೆಲ್ ಆಡಮ್ಸ್ ಕಂಪನಿಯವರು 2002ರಿಂದ ಮಾಡುವ ಯುಟೋಪಿಯಾಸ್ ಇದಕ್ಕಿಂತ ಬೇರೆ. ಅದು ಹೆಪ್ಪುಗಟ್ಟಿಸದೆ, ಯೀಸ್ಟಿನಿಂದಲೇ ಏರಿಸಿ, ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಬೆರೆಸಿದ್ದು. ಆಲ್ಕೋಹಾಲ್ 30 ಪರ್ಸೆಂಟಿನವರೆಗೂ ಹೋಗಿದೆ, ಗ್ಯಾಸ್ ಒಂಚೂರೂ ಇಲ್ಲ. ಅದನ್ನು ಬಿಯರ್ ಅನ್ನಬೇಕಾ ಅಂತ ಜಗಳ ಆಡುವವರಿದ್ದಾರೆ. ಆಡಲಿ ಬಿಡಿ.

ನನ್ನ ಮಟ್ಟಿಗೆ ಒಳ್ಳೇ ಜಾಗ ಎಂಟರಿಂದ ಹದಿಮೂರರ ನಡುವೆ. ಅದಕ್ಕಿಂತ ಕೆಳಗೆ ಹೋದರೆ ಈ ದಪ್ಪ, ಈ ಒಣಹಣ್ಣಿನ ರುಚಿ ಸಿಗುವುದು ಕಷ್ಟ. ಮೇಲೆ ಹೋದರೆ ಬೇರೆಲ್ಲ ರುಚಿಯ ಬಾಯಿ ಮುಚ್ಚಿಸಿ ಆಲ್ಕೋಹಾಲೊಂದೇ ಮಾತಾಡಲು ಶುರು ಮಾಡುತ್ತದೆ.

ಸರಿ, ಆ ಸಂಜೆಗೆ ವಾಪಸ್ ಬರುತ್ತೇನೆ. ಬಾಟಲಿಯ ಮೈ ಒಣಗಿತ್ತು. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ಎರಡು ಗ್ಲಾಸ್ ತಂದೆ. ಇಂಥ ಗ್ಲಾಸೇ ಯಾಕೆ ಅಂದರೆ ವಾಸನೆ ಒಳಗೇ ಸುತ್ತುತ್ತಾ ಇರುತ್ತದೆ, ನೇರ ಗ್ಲಾಸಿನಲ್ಲಿ ಹಾರಿಹೋಗುತ್ತದೆ. ಕಾಲು ಭಾಗ ಮಾತ್ರ ಸುರಿದೆ. ನೊರೆ ಬಂತು, ಬಿಳಿ ಅಲ್ಲ, ಹಾಲು ಕಮ್ಮಿ ಹಾಕಿದ ಕಾಫಿಯ ಬಣ್ಣ. ಒಂದು ನಿಮಿಷದಲ್ಲಿ ಅಂಚಿಗೆ ಸರಿದು ತೆಳ್ಳಗಿನ ಬಳೆಯಾಗಿ ನಿಂತಿತು. ಗೆಳೆಯ "ನೊರೆ ಹೋಯ್ತು, ಹಳೇದಾ?" ಅಂದ. ಹಳೇದಲ್ಲ, ಇಷ್ಟು ಆಲ್ಕೋಹಾಲ್ ಇದ್ದರೆ ನೊರೆ ನಿಲ್ಲುವುದು ಕಷ್ಟ. ಗ್ಲಾಸನ್ನು ಸ್ವಲ್ಪ ತಿರುಗಿಸಿ ಬಿಟ್ಟರೆ ಒಳಗೋಡೆಯ ಮೇಲೆ ಒಂದು ಕಂದು ಪೊರೆ ಏರಿ, ಅಲ್ಲಿಂದ ಹನಿಗಳಾಗಿ ನಿಧಾನಕ್ಕೆ ಇಳಿಯುತ್ತದೆ. ಅದನ್ನೇ ಅವನು ಐದು ನಿಮಿಷ ಆಟ ಆಡಿದ.

ಮೊದಲ ಗುಟುಕು ಲೆಕ್ಕಕ್ಕಿಲ್ಲ. ಇದು ನನ್ನ ನಿಯಮ, ಯಾವ ಶಾಸ್ತ್ರದ್ದೂ ಅಲ್ಲ. ಬಾಯಿ ಬೇರೇನೋ ಕಾಯುತ್ತಿರುತ್ತದೆ, ಅದಕ್ಕೆ ವಿಷಯ ತಿಳಿಸಬೇಕು ಅಷ್ಟೆ. ಎರಡನೇದನ್ನು ಚಿಕ್ಕದಾಗಿ ತೆಗೆದುಕೊಂಡು, ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ಆ ಉಸಿರಿನಲ್ಲಿ ಅರ್ಧ ಬಿಯರ್ ಇದೆ. ನಾವು ರುಚಿ ಅಂತ ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಗಂಟಲಿನ ಹಿಂದಿನಿಂದ ಮೂಗಿಗೆ ಹೋಗುವ ವಾಸನೆಯೇ. ನೆಗಡಿಯಾದಾಗ ಎಲ್ಲ ಸಪ್ಪೆ ಆಗೋದು ಗೊತ್ತಲ್ವಾ, ಅದೇ ಕಾರಣ.

ಶುರುವಿನಲ್ಲಿ ಸಿಕ್ಕಿದ್ದು ಕಪ್ಪಗೆ ಹುರಿದ ಬಾರ್ಲಿ, ಇದ್ದಿಲು, ಆರಿದ ಕಾಫಿ. ಜೊತೆಗೆ ನಾಲಿಗೆಯ ಅಂಚಿನಲ್ಲಿ ಒಗರು. ಗೆಳೆಯನ ಮುಖ ನೋಡಿದರೆ ಔಷಧಿ ಕುಡಿದವನ ಹಾಗಿತ್ತು. ಮಾತಾಡುತ್ತಾ ಕೂತೆವು. ಇಪ್ಪತ್ತು ನಿಮಿಷ ಆದ ಮೇಲೆ ಅವನೇ ಗ್ಲಾಸನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಡಿದು, ಏನೂ ಹೇಳದೆ ಇನ್ನೊಂದು ಸಲ ಮೂಸಿದ. ಕೋಕೋ ಬಂದಿತ್ತು. ಸಿಹಿ ಇಲ್ಲದ, ಪುಡಿ ಪುಡಿಯಾದ ಕೋಕೋ. ಅದರ ಹಿಂದೆ ಒಣದ್ರಾಕ್ಷಿ. ಕಹಿ ಎಲ್ಲಿಗೂ ಹೋಗಿರಲಿಲ್ಲ, ಆದರೆ ಈಗ ಅದು ಸಿಹಿಯ ಪಕ್ಕದಲ್ಲಿ ಕೂತಿತ್ತು. ಮುಕ್ಕಾಲು ಗಂಟೆಗೆ ಸುಟ್ಟ ಸಕ್ಕರೆ, ಅಂಜೂರ, ತೊಗಲಿನಂಥ ಒಂದು ವಾಸನೆ. ನನಗೆ ಅಷ್ಟೇ ಸಿಕ್ಕಿದ್ದು. ಗೆಳೆಯ ಇದ್ದಕ್ಕಿದ್ದ ಹಾಗೆ, "ಸೋಯಾ ಸಾಸ್ ಅಲ್ವಾ ಇದು?" ಅಂದ.

ನಾನು ಮತ್ತೆ ಮೂಸಿದೆ. ಹೌದು, ಸೋಯಾ ಸಾಸ್. ತುಂಬ ಸಣ್ಣಗೆ, ತಳದಲ್ಲಿ. ಸತ್ತ ಯೀಸ್ಟು ಬಾಟಲಿಯಲ್ಲಿ ಹೆಚ್ಚು ಕಾಲ ಕೂತು ಒಡೆದರೆ ಇಂಥ ಉಪ್ಪುಪ್ಪು, ಮಾಂಸದ ಸಾರಿನಂಥ ವಾಸನೆ ಬರುತ್ತದೆ. ಸ್ವಲ್ಪ ಇದ್ದರೆ ಆಳ ಕೊಡುತ್ತದೆ, ಜಾಸ್ತಿಯಾದರೆ ಕೆಟ್ಟಿದೆ ಅಂತಲೇ ಅರ್ಥ. ಇದು ಎರಡರ ನಡುವಿನ ಗೆರೆಯ ಮೇಲೆ ನಿಂತಿತ್ತು. ವರ್ಷಗಟ್ಟಲೆ ಇವನ್ನು ಮೂಸುತ್ತಾ ಬಂದ ನನಗೆ ಕಾಣದ್ದು, ಬಾಟಲಿ ತೆರೆಯುವ ಮೊದಲು ಬಿಯರ್ ಬಿಸಿಯಾಯ್ತು ಅಂತ ಗೊಣಗಿದವನಿಗೆ ಕಂಡಿತು. ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಹೊಟ್ಟೆ ಉರಿ ಅಂದಾಗ ನೆನಪಾಯಿತು, ಆ ಎದೆಯ ಬಿಸಿ. ಸ್ಟ್ರಾಂಗ್ ಬಿಯರ್ ಬಗ್ಗೆ ಬರೆಯುವವರೆಲ್ಲ ಬೆಚ್ಚಗಾಗಿಸುತ್ತದೆ ಅಂತ ಬರೆಯುತ್ತಾರೆ. ಬಿಯರ್ ನಮ್ಮ ಮೈಗಿಂತ ಎಷ್ಟೋ ತಣ್ಣಗಿರುತ್ತದೆ, ಆದರೂ ಬಿಸಿ ಅನ್ನಿಸುವುದು ಹೇಗೆ? ನಮ್ಮ ಬಾಯಿ ಗಂಟಲಿನ ನರಗಳಲ್ಲಿ ಬಿಸಿ ಮುಟ್ಟಿದ್ದನ್ನು ತಿಳಿಸುವ ಒಂದು ರಿಸೆಪ್ಟರ್ ಇದೆ, ಟಿಆರ್‌ಪಿವಿ1 ಅಂತ ಹೆಸರು. ಮೆಣಸಿನಕಾಯಿಯ ಖಾರ ಉರಿಯುವುದೂ ಇದರ ಮೂಲಕವೇ. ಸಾಮಾನ್ಯವಾಗಿ ಇದು ಸುಮಾರು 42 ಡಿಗ್ರಿ ದಾಟಿದಾಗ ಎಚ್ಚರವಾಗುತ್ತದೆ. ಆಲ್ಕೋಹಾಲ್ ಸೋಕಿದರೆ ಆ ಗಡಿ ಸುಮಾರು 34ಕ್ಕೆ ಇಳಿಯುತ್ತದೆ. ನಮ್ಮ ಮೈ ಬಿಸಿ ಇರುವುದೇ 37. ಅಂದರೆ ಉರಿಯುವುದು ಬಿಯರ್ ಅಲ್ಲ, ನಮ್ಮದೇ ಮೈಯ ಬಿಸಿ ನಮಗೆ ಉರಿಯಾಗಿ ಕೇಳಿಸುತ್ತಿದೆ. ಇದನ್ನು ಓದಿದ ದಿನದಿಂದ ಪ್ರತಿ ಗುಟುಕಿಗೂ ಒಂದು ಸಲ ನೆನಪಾಗುತ್ತದೆ, ಬೇಡ ಅಂದರೂ.

ಬೆಲ್ಜಿಯಂನವರ ಕೈಚಳಕ ಬೇರೆ ಥರ. ಸ್ಟೌಟು ತಾನು ಸ್ಟ್ರಾಂಗ್ ಅಂತ ಮುಖದ ಮೇಲೇ ಬರೆದುಕೊಂಡು ಬರುತ್ತದೆ. ಡುವೆಲ್ ನೋಡಿ, 8.5 ಪರ್ಸೆಂಟ್. ಬಂಗಾರದ ಬಣ್ಣ, ಗ್ಲಾಸಿನ ಮೇಲೆ ಮೋಡದ ಹಾಗೆ ಬಿಳಿ ನೊರೆ, ಬಾಯಲ್ಲಿ ಹಗುರ. ಹೆಸರಿನ ಅರ್ಥ ದೆವ್ವ, 1923ರಲ್ಲಿ ಕುಡಿದು ನೋಡಿದ ಒಬ್ಬರು ಇದು ನಿಜವಾದ ದೆವ್ವ ಅಂದರಂತೆ, ಅದೇ ಹೆಸರು ಉಳಿಯಿತು. ವೆಸ್ಟ್‌ಮಾಲೆಯ ಟ್ರಿಪೆಲ್ ಇನ್ನೂ ಹೆಚ್ಚು, 9.5. 1934ರಿಂದ ಇದೆ. ಇವು ಹಗುರವಾಗಿರುವ ಗುಟ್ಟು ಸಕ್ಕರೆ. ಮಾಲ್ಟಿನ ಜೊತೆ ಒಂದಿಷ್ಟು ಬರೀ ಸಕ್ಕರೆಯನ್ನೂ ಹಾಕುತ್ತಾರೆ, ಯೀಸ್ಟು ಅದನ್ನು ಒಂಚೂರೂ ಉಳಿಸದೆ ತಿಂದುಹಾಕುತ್ತದೆ. ಆಲ್ಕೋಹಾಲ್ ಏರುತ್ತದೆ, ದಪ್ಪ ಏರುವುದಿಲ್ಲ. ಜೊತೆಗೆ ಅಲ್ಲಿನ ಯೀಸ್ಟು ಬಾಳೆಹಣ್ಣು, ಲವಂಗ, ಕಾಳುಮೆಣಸಿನಂಥ ವಾಸನೆಗಳನ್ನು ಬಿಡುತ್ತದೆ. ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ನನ್ನ ಕೇಳಿದರೆ ಬಿಯರ್ ಮಾಡುವವರ ಕಲೆಯಲ್ಲಿ ಇದೇ ದೊಡ್ಡದು, ಅಪಾಯದಲ್ಲೂ ಇದೇ ದೊಡ್ಡದು. ಸ್ಟೌಟಿನ ಮೂರನೇ ಗುಟುಕಿಗೆ ನಾಲಿಗೆಯೇ ಬ್ರೇಕ್ ಹಾಕುತ್ತದೆ. ಟ್ರಿಪೆಲ್ ಬ್ರೇಕ್ ಹಾಕುವುದಿಲ್ಲ, ನೀವೇ ಹಾಕಿಕೊಳ್ಳಬೇಕು.

ಮಠ, ಸನ್ಯಾಸಿ, ಇಷ್ಟು ಸ್ಟ್ರಾಂಗ್ ಬಿಯರ್, ಇದೆಂಥ ಜೋಡಿ ಅಂತ ಅನ್ನಿಸಬಹುದು. ಮ್ಯೂನಿಕ್‌ನಲ್ಲಿ ಪೌಲಾನರ್ ಸನ್ಯಾಸಿಗಳು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ಅಂತಲೇ ಗಟ್ಟಿ ಬಿಯರ್ ಮಾಡುತ್ತಿದ್ದರು. ತಿನ್ನುವ ಹಾಗಿಲ್ಲ, ಕುಡಿಯಬಹುದು. ಹಾಗಾದರೆ ಕುಡಿಯುವುದರಲ್ಲೇ ಊಟ ಇರಲಿ ಅನ್ನುವ ಲೆಕ್ಕ. ಆಗಿನದ್ದು ಈಗಿನದಕ್ಕಿಂತ ಸಿಹಿ ಜಾಸ್ತಿ, ಆಲ್ಕೋಹಾಲ್ ಕಮ್ಮಿ. ಅದೇ ಸಾಲ್ವೇಟರ್, ಡಾಪಲ್‌ಬಾಕ್ ಅನ್ನುವ ಗಟ್ಟಿ ಜರ್ಮನ್ ಬಿಯರ್ ಜಾತಿಯ ಮೂಲಪುರುಷ. ಅದನ್ನು ನೋಡಿ ಮಾಡಿದವರೆಲ್ಲ ತಮ್ಮ ಬಿಯರಿಗೂ ಹಿಂದೆ ಒಂದು "ಏಟರ್" ಅಂಟಿಸಿಕೊಂಡರು: ಸೆಲೆಬ್ರೇಟರ್, ಆಪ್ಟಿಮೇಟರ್ ಹೀಗೆ.

ಇಂಪೀರಿಯಲ್ ಸ್ಟೌಟಿನ ಹೆಸರಿನಲ್ಲಿ ಚಕ್ರವರ್ತಿನಿಯೇ ಇದ್ದಾಳೆ. 18ನೇ ಶತಮಾನದಲ್ಲಿ ಲಂಡನ್ನಿನ ಸದಕ್‌ನಲ್ಲಿದ್ದ ಥ್ರೇಲ್ ಕುಟುಂಬದ ಬ್ರೂವರಿಯಿಂದ ರಷ್ಯಾದ ಎರಡನೇ ಕ್ಯಾಥರೀನಳ ಆಸ್ಥಾನಕ್ಕೆ ಪೋರ್ಟರ್ ಅನ್ನುವ ಬಲವಾದ ಕಪ್ಪು ಬಿಯರ್ ಹೋಗುತ್ತಿತ್ತು. ದೂರದ ಹಡಗು ಪ್ರಯಾಣ ತಾಳಲಿ ಅಂತಲೇ ಅಷ್ಟು ಸ್ಟ್ರಾಂಗ್ ಮಾಡಿದರು ಅನ್ನುವ ಕತೆ ಎಲ್ಲ ಕಡೆ ಇದೆ. ನನಗೆ ಅದು ಹಿಡಿಸುವುದಿಲ್ಲ. ಅದಕ್ಕಿಂತ ಸಾಧಾರಣ ಪೋರ್ಟರುಗಳೂ ಆ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿ ಕುಡಿಯುವ ಸ್ಥಿತಿಯಲ್ಲೇ ಮುಟ್ಟುತ್ತಿದ್ದವು. ರಷ್ಯಾದವರಿಗೆ ಸ್ಟ್ರಾಂಗ್ ಇಷ್ಟವಿತ್ತು, ಮಾಡಿ ಕಳಿಸಿದರು, ಇಷ್ಟು ಸಾಲದೇ ಕತೆಗೆ?

ಪೀಪಾಯಿಯ ವಿಷಯ ಒಂದೆರಡು ಮಾತು. ಅಮೆರಿಕದ ಕಾನೂನು ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಂದು ಸಲ ಬಳಸಿದ್ದು ಇನ್ನೊಂದು ಸಲ ಬರ್ಬನ್‌ಗೆ ಬರುವುದಿಲ್ಲ. ಹಾಗಾಗಿ ಖಾಲಿ ಪೀಪಾಯಿ ರಾಶಿ ರಾಶಿ. ಶಿಕಾಗೋದ ಗೂಸ್ ಐಲ್ಯಾಂಡ್‌ನವರು 1990ರ ದಶಕದಲ್ಲಿ ಅಂಥ ಪೀಪಾಯಿಗೆ ಇಂಪೀರಿಯಲ್ ಸ್ಟೌಟ್ ತುಂಬಿಟ್ಟರು, ಬರ್ಬನ್ ಕೌಂಟಿ ಸ್ಟೌಟ್ ಆಯಿತು. ಸುಟ್ಟ ಮರದಿಂದ ವೆನಿಲ್ಲಾ, ಕೊಬ್ಬರಿಯ ವಾಸನೆ ಬಿಯರಿಗೆ ಇಳಿಯುತ್ತದೆ. ಚೆನ್ನಾಗಿ ಆದಾಗ ಅದ್ಭುತ. ಆದರೆ ಈಗ ಎಲ್ಲರೂ ಎಲ್ಲವನ್ನೂ ಪೀಪಾಯಿಗೆ ಹಾಕುತ್ತಿದ್ದಾರೆ, ಕೆಲವನ್ನು ಕುಡಿದರೆ ಬಿಯರ್ ಎಲ್ಲಿದೆ ಅಂತ ಹುಡುಕಬೇಕು. ಇಲ್ಲೂ ನನ್ನ ಪರೀಕ್ಷೆ ಅದೇ, ಒಂದು ಗಂಟೆ ಬಿಟ್ಟು ಕುಡಿದು ನೋಡೋದು. ವಿಸ್ಕಿ ವಾಸನೆ ಆರಿದ ಮೇಲೆ ಕೆಳಗೆ ಏನಾದರೂ ಉಳಿದಿದೆಯಾ?

ಕಾಯುವುದು ಅಂದರೆ ಎಲ್ಲವನ್ನೂ ಕಾಯಿಸಬೇಕು ಅಂತ ನಾನೂ ಒಂದು ಕಾಲದಲ್ಲಿ ತಪ್ಪು ತಿಳಿದಿದ್ದೆ. ಯಾರೋ ದೂರದಿಂದ ತಂದುಕೊಟ್ಟ ಡಬಲ್ ಐಪಿಎ ಒಂದಿತ್ತು, ಕಹಿ ಮತ್ತು ವಾಸನೆ ಕೊಡುವ ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿದ ಬಿಯರ್. ಎಂಟು ಪರ್ಸೆಂಟು, ಮೂತಿಯ ಹತ್ತಿರ ಮೂಗು ತಂದರೆ ಕಿತ್ತಳೆ ಸಿಪ್ಪೆ, ಪೈನ್ ಮರದ ಅಂಟು ಎಲ್ಲ ಇರುತ್ತದೆ ಅಂತ ಓದಿದ್ದೆ. ಒಳ್ಳೇ ದಿನಕ್ಕೆ ಇರಲಿ ಅಂತ ಎರಡು ವರ್ಷ ಎತ್ತಿಟ್ಟೆ. ಒಳ್ಳೇ ದಿನ ಬಂತು, ಬಾಟಲಿ ತೆರೆದೆ, ಒಳಗೆ ಒದ್ದೆ ರಟ್ಟು. ನಿಜವಾಗಿ ಮಳೆಯಲ್ಲಿ ನೆನೆದ ಡಬ್ಬದ ವಾಸನೆ. ಹಾಪ್ಸಿನ ವಾಸನೆ ಮೊದಲು ಸಾಯುತ್ತದೆ, ಕಹಿಯೂ ಮಂಕಾಗುತ್ತದೆ, ಒಳಗೆ ಸಿಕ್ಕಿಕೊಂಡ ಚೂರು ಆಮ್ಲಜನಕ ಉಳಿದ ಕೆಲಸ ಮಾಡುತ್ತದೆ. ಡಬಲ್ ಐಪಿಎಯನ್ನು 1994ರಲ್ಲಿ ಶುರು ಮಾಡಿದ ಹೆಸರು ಇರುವ ಅಮೆರಿಕದ ವಿನ್ನಿ ಸಿಲುರ್ಜೊ ಆಮೇಲೆ ಮಾಡಿದ ಪ್ಲೈನಿ ದಿ ಎಲ್ಡರ್ ಅನ್ನುವ ಬಿಯರಿನ ಲೇಬಲ್ ಮೇಲೆಲ್ಲ, ಎತ್ತಿಡಬೇಡಿ, ಹೊಸದಾಗಿಯೇ ಕುಡಿಯಿರಿ ಅಂತ ಬೇಡಿಕೊಂಡ ಹಾಗೆ ಬರೆದಿರುತ್ತಾರೆ. ಅದರ ಅರ್ಥ ನನಗೆ ಆವತ್ತು ಸಿಂಕಿನ ಮುಂದೆ ನಿಂತಾಗ ತಿಳಿಯಿತು.

ಅದೇ ಆಮ್ಲಜನಕ, ಅದೇ ಎರಡು ವರ್ಷ, ಬಾರ್ಲಿ ವೈನಿಗೆ ಬೇರೆ ಥರ ಒದಗುತ್ತದೆ. ವೈನ್ ಅಂತ ಹೆಸರಷ್ಟೇ, ಅದು ಬಿಯರೇ, ವೈನಿನಷ್ಟು ಸ್ಟ್ರಾಂಗ್ ಅಂತ ಆ ಹೆಸರು. ಮಾಲ್ಟು ಗಟ್ಟಿ, ಸಿಹಿ ಗಟ್ಟಿ, ಕೆಡಿಸುವ ಸೂಕ್ಷ್ಮಜೀವಿಗಳಿಗೆ ಆಲ್ಕೋಹಾಲ್ ದಾರಿ ಬಿಡುವುದಿಲ್ಲ. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಮಾಡಿದ ಥಾಮಸ್ ಹಾರ್ಡೀಸ್ ಏಲ್ 25 ವರ್ಷದವರೆಗೂ ಇಡಬಹುದು ಅಂತಲೇ ಹೇಳಿ ಮಾರಾಟವಾಗುತ್ತಿತ್ತು. ನಾನು ಅಷ್ಟು ತಾಳ್ಮೆಯವನಲ್ಲ. ಒಂದು ಬಾರ್ಲಿ ವೈನಿನ ನಾಲ್ಕು ಬಾಟಲಿ ತಂದು, ಕತ್ತಲಿರುವ ತಂಪು ಕಪಾಟಿನಲ್ಲಿ ನಿಲ್ಲಿಸಿಟ್ಟು, ಕುತ್ತಿಗೆಗೆ ಟೇಪ್ ಸುತ್ತಿ ಪೆನ್ನಿನಲ್ಲಿ ತಾರೀಕು ಬರೆದೆ. ನಿಲ್ಲಿಸಿಡೋದು ಯಾಕೆ ಅಂದರೆ ಮುಚ್ಚಳಕ್ಕೆ ಬಿಯರ್ ತಾಗುತ್ತಾ ಇರಬಾರದು, ಯೀಸ್ಟು ತಳದಲ್ಲಿ ಕೂರಬೇಕು.

ಮೊದಲನೇದನ್ನು ತಂದ ವಾರವೇ ತೆರೆದೆ. ಹಾಪ್ಸಿನ ಕಹಿ ಮುಂದೆ, ಆಲ್ಕೋಹಾಲಿನ ಘಾಟು ಹಿಂದೆ, ನಡುವೆ ಸಿಹಿ ಸಿಕ್ಕಿಹಾಕಿಕೊಂಡಿತ್ತು. ಮೂರೂ ಒಂದೇ ಕೋಣೆಯಲ್ಲಿ ಕೂತು ಮಾತಾಡದ ಅಣ್ಣತಮ್ಮಂದಿರ ಹಾಗೆ. ಎರಡನೇದು ಎರಡು ವರ್ಷದ ಮೇಲೆ. ಕಹಿ ತಗ್ಗಿತ್ತು, ಘಾಟು ಎಲ್ಲಿ ಅಂತ ಹುಡುಕಬೇಕಿತ್ತು, ಬಣ್ಣ ಒಂದು ಸುತ್ತು ಗಾಢ. ಖರ್ಜೂರ, ಸುಟ್ಟ ಸಕ್ಕರೆ, ಹಳೇ ಮರದ ಪೆಟ್ಟಿಗೆ ತೆರೆದಾಗ ಬರುವ ವಾಸನೆ. ಮೂರನೇದು ಐದು ವರ್ಷಕ್ಕೆ. ಶೆರಿ ವೈನಿನ ಹಾಗೆ ಆಗಿತ್ತು, ಗ್ಯಾಸ್ ಕಮ್ಮಿಯಾಗಿತ್ತು, ಕೊನೆಯಲ್ಲಿ ಎಲ್ಲೋ ಅದೇ ಒದ್ದೆ ರಟ್ಟಿನ ಒಂದು ನೆರಳು ಕಂಡು ಮಾಯವಾಯಿತು. ನನ್ನ ನಾಲಿಗೆಗೆ ಎರಡನೇದೇ ಮೇಲು. ಜೊತೆಗೆ ಕೂತವರು ಮೂರನೇದೇ ಮೇಲು ಅಂತ ಹಠ ಹಿಡಿದರು, ರಾತ್ರಿ ಹನ್ನೊಂದಾದರೂ ಅದು ತೀರ್ಮಾನವಾಗಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಕುಡಿಯೋದು ಒಳ್ಳೇದು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಸುರಕ್ಷಿತ ಅಳತೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ನೇರವಾಗಿಯೇ ಹೇಳಿದೆ. ನಿಧಾನಕ್ಕೆ ಕುಡಿದ ಮಾತ್ರಕ್ಕೆ ಆಲ್ಕೋಹಾಲ್ ಬೇರೇನೋ ಆಗಿಬಿಡುವುದಿಲ್ಲ, ದುಬಾರಿ ಗ್ಲಾಸಿನಲ್ಲಿ ಕುಡಿದ ಮಾತ್ರಕ್ಕೂ ಇಲ್ಲ. ನಾನು ತಿಂಗಳಿಗೆ ಒಂದೋ ಎರಡೋ ಸಲ ತೆರೆಯುತ್ತೇನೆ, ಎಷ್ಟೋ ತಿಂಗಳು ಅದೂ ಇಲ್ಲ. ಪಕ್ಕದಲ್ಲಿ ನೀರಿನ ಚೊಂಬು ಇರುತ್ತದೆ, ಯಾರೂ ಗಾಡಿ ಮುಟ್ಟುವುದಿಲ್ಲ. ಮನಸ್ಸು ಕೆಟ್ಟಿರುವ ದಿನ ಬಾಟಲಿ ಮುಟ್ಟಬಾರದು ಅಂತ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಅಂಥ ದಿನ ಯಾವ ವಾಸನೆಯೂ ಸಿಗುವುದಿಲ್ಲ, ಬರೀ ಪರ್ಸೆಂಟಿನ ನಂಬರ್ ಸಿಗುತ್ತದೆ.

ಆ ಸಂಜೆ ಗೆಳೆಯನ ಗ್ಲಾಸು ಖಾಲಿಯಾಗಲು ಎರಡು ಗಂಟೆ ಹಿಡಿಯಿತು. ತಳದಲ್ಲಿ ಉಳಿದ ಕಡೇ ಗುಟುಕು ಪೂರ್ತಿ ಕೋಣೆಯ ಬಿಸಿಗೆ ಬಂದಿತ್ತು. ಅದನ್ನು ಕುಡಿದು, ಗ್ಲಾಸನ್ನು ಕೆಳಗಿಡದೆ ಸುಮ್ನೆ ಮೂಸುತ್ತಾ ಕೂತ. ಖಾಲಿ ಗ್ಲಾಸಿನಲ್ಲೂ ಕೋಕೋ ವಾಸನೆ ತುಂಬ ಹೊತ್ತು ಇರುತ್ತದೆ, ಬೆಳಿಗ್ಗೆ ತೊಳೆಯುವಾಗಲೂ ಒಮ್ಮೊಮ್ಮೆ ಸಿಗುತ್ತದೆ. ಹೋಗುವ ಮುಂಚೆ ಕಪಾಟಿನ ಬಾಗಿಲು ತೆರೆದು, ಕುತ್ತಿಗೆಗೆ ಟೇಪ್ ಸುತ್ತಿದ ಆ ನಾಲ್ಕನೇ ಬಾರ್ಲಿ ವೈನನ್ನು ನೋಡಿದ. ತಾರೀಕು ಓದಿ ಬೆರಳಲ್ಲಿ ವರ್ಷ ಎಣಿಸಿದ.

"ಇದನ್ನ ಯಾವಾಗ ತೆಗೀತೀಯಾ?"

"ಗೊತ್ತಿಲ್ಲ ಕಣೋ. ನಾನು ಎರಡನೇ ವರ್ಷದ್ದೇ ಚೆನ್ನಾಗಿತ್ತು ಅಂತೀನಿ, ಅವರು ಐದು ಅಂತಾರೆ."

"ಹಾಗಾದ್ರೆ ನಾನು ಬರೋವರೆಗೂ ಇಡು. ಹಿಂದಿನ ದಿನವೇ ಫ್ರಿಜ್ಜಿಗೆ ಹಾಕ್ಬೇಡ ಮತ್ತೆ," ಅಂದು ಚಪ್ಪಲಿ ಮೆಟ್ಟಿಕೊಂಡ.